ಸಿಟಿ ರೋಡಿನ ವೆಸ್ಲಿ ಚಾಪೆಲ್: ಇತಿಹಾಸ ಮತ್ತು ವಾಸ್ತು

ಲಂಡನ್ನಿನ ಹಳೆಯ ನಗರದ ಎಲ್ಲೆಗೆ ತುಸು ಉತ್ತರದಲ್ಲಿ, ಸಿಟಿ ರೋಡಿನ ಪೂರ್ವ ಮಗ್ಗುಲಿಗೆ, ಕಲ್ಲು ಹಾಸಿದ ಅಂಗಳದ ಹಿಂದೆ ವೆಸ್ಲಿ ಚಾಪೆಲ್ ನಿಂತಿದೆ. 1778ರ ನವೆಂಬರ್ 1ರಂದು ತೆರೆದ ಈ ಪ್ರಾರ್ಥನಾಲಯವನ್ನು ಜಗತ್ತಿನ ಮೆಥಡಿಸ್ಟರು ತಮ್ಮ ತಾಯಿಮನೆಯೆಂದು ಭಾವಿಸುತ್ತಾರೆ. ಇಂಗ್ಲೆಂಡಿನ ರಾಜಧರ್ಮವಾದ ಆಂಗ್ಲಿಕನ್ ಸಭೆಗೆ, ಅಂದರೆ ರಾಜಸಭೆಗೆ, ಸೇರದ ಪ್ರಾಟೆಸ್ಟಂಟರನ್ನು ನಾನ್‌ಕನ್‌ಫರ್ಮಿಸ್ಟರು ಅಥವಾ ಭಿನ್ನಮತೀಯರು ಎನ್ನುವುದು ವಾಡಿಕೆ. ಅವರ ಚಾಪೆಲ್‌ಗಳ ಚರಿತ್ರೆಯಲ್ಲಿ ಈ ಕಟ್ಟಡಕ್ಕೆ ವಿಚಿತ್ರವಾದ ಸ್ಥಾನವಿದೆ. ಇದನ್ನು ಕಟ್ಟಿಸಿದ, ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಹುಟ್ಟಿನಿಂದ ಆಂಗ್ಲಿಕನ್, ದೀಕ್ಷೆಯಿಂದ ಆಂಗ್ಲಿಕನ್ ಪಾದ್ರಿ. ಸಾಯುವವರೆಗೂ ತಾನು ರಾಜಸಭೆಯನ್ನು ಬಿಟ್ಟವನಲ್ಲ ಎಂದೇ ಆತ ಹೇಳಿಕೊಂಡ. ಭಿನ್ನಮತೀಯನೆಂದು ಒಪ್ಪಿಕೊಳ್ಳದವನು ಕಟ್ಟಿಸಿದ ಭಿನ್ನಮತದ ಮನೆ ಇದು. ಈ ಇಬ್ಬಂದಿ ಅದರ ಗೋಡೆ, ಪೀಠ, ಆಸನ, ಸ್ಮಶಾನ ಎಲ್ಲದರಲ್ಲೂ ಕಾಣುತ್ತದೆ.

ಹಿನ್ನೆಲೆ ಒಂದು ಶತಮಾನ ಹಿಂದಕ್ಕೆ ಹೋಗುತ್ತದೆ. 1662ರ ಏಕರೂಪತೆ ಕಾಯ್ದೆಯು ರಾಜಸಭೆಯ ಪ್ರಾರ್ಥನಾ ಪುಸ್ತಕಕ್ಕೆ ಸಂಪೂರ್ಣ ಸಮ್ಮತಿ ಸೂಚಿಸದ ಪಾದ್ರಿಗಳನ್ನು ಹುದ್ದೆಯಿಂದ ತೆಗೆಯಿತು. ಆ ವರ್ಷದ ಆಗಸ್ಟ್ 24ರ ಹೊತ್ತಿಗೆ ಸುಮಾರು 2000 ಮಂದಿ ಸಭಾಪಾಲಕರು ಬೀದಿಗೆ ಬಿದ್ದಿದ್ದರು. 1664ರ ಕಾಯ್ದೆಯು ಮನೆಯವರಲ್ಲದೆ ಐದಕ್ಕಿಂತ ಹೆಚ್ಚು ಜನ ರಾಜಸಭೆಯ ಕ್ರಮ ಮೀರಿ ಆರಾಧನೆಗೆ ಕೂಡುವುದನ್ನು ಅಪರಾಧವಾಗಿಸಿತು. 1665ರದು, ತೆಗೆದುಹಾಕಿದ ಪಾದ್ರಿ ತಾನು ಮೊದಲು ಸೇವೆ ಸಲ್ಲಿಸಿದ ಊರಿನ ಐದು ಮೈಲಿಯೊಳಗೆ ಸುಳಿಯಕೂಡದೆಂದಿತು. ಕೊಟ್ಟಿಗೆ, ಕಣಜ, ವ್ಯಾಪಾರಿಯ ಹಿತ್ತಿಲ ಕೋಣೆ ಇವೇ ಆಗಿನ ಆರಾಧನಾಸ್ಥಳಗಳು. 1689ರ ಸಹಿಷ್ಣುತಾ ಕಾಯ್ದೆ ಬಂದ ಮೇಲೆ, ಸ್ಥಳವನ್ನು ನೋಂದಾಯಿಸಿ, ಆರಾಧನೆಯ ವೇಳೆ ಬಾಗಿಲಿಗೆ ಅಗುಳಿ ಹಾಕದಿದ್ದರೆ ಬಹಿರಂಗವಾಗಿ ಸೇರಬಹುದಾಯಿತು. ಬಾಗಿಲಿನ ಷರತ್ತು ಸುಮ್ಮನೆ ಇಟ್ಟದ್ದಲ್ಲ. ಮುಚ್ಚಿದ ಬಾಗಿಲ ಹಿಂದೆ ರಾಜದ್ರೋಹದ ಮಾತು ನಡೆಯುತ್ತದೆಂಬ ಅನುಮಾನ ಸರಕಾರಕ್ಕೆ ಆಗಲೂ ಹೋಗಿರಲಿಲ್ಲ.

ಆಮೇಲೆ ಎದ್ದ ಕಟ್ಟಡಗಳು, ಉದಾಹರಣೆಗೆ ನಾರ್ವಿಚ್‌ನ 1693ರ ಓಲ್ಡ್ ಮೀಟಿಂಗ್, ಹೊರಗಿನಿಂದ ಸ್ಥಿತಿವಂತ ವರ್ತಕನ ಮನೆಯಂತೆಯೇ ಇದ್ದವು: ಇಟ್ಟಿಗೆ ಗೋಡೆ, ಎತ್ತರದ ಕಿಟಕಿ, ಗೋಪುರವಿಲ್ಲ. ಒಳಗಿನ ತರ್ಕವೇ ಬೇರೆ. ಹಳೆಯ ಪ್ಯಾರಿಷ್ ಚರ್ಚು ಪಶ್ಚಿಮದ ಬಾಗಿಲಿನಿಂದ ಪೂರ್ವದ ಬಲಿಪೀಠದವರೆಗೆ ಉದ್ದಕ್ಕೆ ಚಾಚಿಕೊಂಡದ್ದು. ಕಣ್ಣು ಅದರಲ್ಲಿ ಬಲಿಪೀಠದತ್ತ ಸಾಗಬೇಕು. ಭಿನ್ನಮತೀಯರಿಗೆ ಬೇಕಾದದ್ದು ಬೋಧಕನ ಮಾತು ಪ್ರತಿ ಕಿವಿಗೂ ಮುಟ್ಟುವ ಕೋಣೆ. ಆದ್ದರಿಂದ ಉಪದೇಶಪೀಠ ಉದ್ದ ಗೋಡೆಯ ನಡುವಿಗೆ ಬಂತು, ಮೂರು ಕಡೆ ಗ್ಯಾಲರಿ ಎದ್ದಿತು, ಎಲ್ಲರೂ ಪೀಠದ ಸುತ್ತ ಒತ್ತಾಗಿ ಕುಳಿತರು. ಬಣ್ಣದ ಗಾಜು, ಸಂತರ ಪ್ರತಿಮೆ, ಕೆತ್ತಿದ ಪರದೆ ಯಾವುದೂ ಇಲ್ಲದ್ದರಿಂದ ಬೆಳಕು ಧಾರಾಳವಾಗಿತ್ತು. ಬೈಬಲ್ ಓದಲು ಅದು ಬೇಕೂ ಆಗಿತ್ತು.

ವೆಸ್ಲಿ ಈ ಪರಂಪರೆಯವನಲ್ಲ. 1703ರಲ್ಲಿ ಎಪ್‌ವರ್ತ್‌ನ ಪಾದ್ರಿಯ ಮನೆಯಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, 1739ರಲ್ಲಿ ಬ್ರಿಸ್ಟಲ್ ಹತ್ತಿರ ಬಯಲಿನಲ್ಲಿ ಉಪದೇಶಕ್ಕೆ ನಿಂತವನು. ಚರ್ಚುಗಳು ಅವನಿಗೆ ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದುದೂ ಬಯಲಿಗಿಳಿಯಲು ಕಾರಣ. ಅದೇ ವರ್ಷ ಬ್ರಿಸ್ಟಲಿನಲ್ಲಿ ನ್ಯೂ ರೂಮ್ ಕಟ್ಟಿಸಿದ. 1748ರಲ್ಲಿ ಅದು ದೊಡ್ಡದಾಯಿತು. ಕೆಳಗೆ ಆರಾಧನೆಯ ಸಭಾಂಗಣ, ಮೇಲೆ ಸಂಚಾರಿ ಬೋಧಕರ ಕೋಣೆಗಳು, ನಡುವೆ ಬೆಳಕು ಇಳಿಯಲು ಎಂಟು ಮೂಲೆಯ ಗಾಜಿನ ಗೂಡು. ಲಂಡನ್ನಿನಲ್ಲಿ ಅವನಿಗೆ ಸಿಕ್ಕಿದ್ದು ಮೂರ್‌ಫೀಲ್ಡ್ಸ್‌ನ ಪಾಳುಬಿದ್ದ ತೋಪುಖಾನೆ. 1716ರಲ್ಲಿ ಹಳೆಯ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ಯುವಾಗ ಅಚ್ಚಿನಲ್ಲಿ ತೇವ ಉಳಿದು ಅದು ಸಿಡಿದಿತ್ತು. ಹಲವರು ಸತ್ತರು, ಸರಕಾರ ಎರಕದ ಕೆಲಸವನ್ನು ವೂಲ್‌ವಿಚ್‌ಗೆ ಸಾಗಿಸಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹಾಳುಬಿದ್ದಿದ್ದ ಅದನ್ನು ವೆಸ್ಲಿ 115 ಪೌಂಡಿಗೆ ಪಡೆದು, ಅದರ ಹಲವು ಪಟ್ಟು ಹಣ ಸುರಿದು ದುರಸ್ತಿ ಮಾಡಿಸಿದ. ಫೌಂಡರಿ ಎಂಬ ಹಳೆಯ ಹೆಸರೇ ಉಳಿಯಿತು. ಸುಮಾರು 1500 ಜನ ಹಿಡಿಸುವ ಸಭಾಂಗಣದ ಜೊತೆಗೆ ಶಾಲೆ, ಔಷಧಾಲಯ, ವಿಧವೆಯರ ಆಶ್ರಯ, ಬಡ ಕಸುಬುದಾರರಿಗೆ ಸಾಲ ಕೊಡುವ ನಿಧಿ, ಪುಸ್ತಕದಂಗಡಿ ಎಲ್ಲ ಅಲ್ಲಿದ್ದವು. ವೆಸ್ಲಿಯ ತಾಯಿ ಸುಸಾನಾ 1742ರಲ್ಲಿ ತೀರಿಕೊಂಡದ್ದೂ ಅಲ್ಲೇ.

ಕಟ್ಟಡದ ಆಕಾರದ ಬಗ್ಗೆ ವೆಸ್ಲಿಗೆ ಖಚಿತ ಅಭಿಪ್ರಾಯಗಳಿದ್ದವು. 1757ರಲ್ಲಿ ಆತ ನಾರ್ವಿಚ್‌ನ ಆಕ್ಟಗನ್ ಚಾಪೆಲ್ ನೋಡಿದ. ಥಾಮಸ್ ಐವರಿ ವಿನ್ಯಾಸ ಮಾಡಿ ಹಿಂದಿನ ವರ್ಷ ಮುಗಿಸಿದ್ದ ಪ್ರೆಸ್ಬಿಟೇರಿಯನ್ನರ ಈ ಅಷ್ಟಕೋನ ಮಂದಿರದಲ್ಲಿ ಕೊರಿಂಥಿಯನ್ ಕಂಬಗಳ ಒಂದು ವರ್ತುಲ ಛಾವಣಿಯನ್ನು ಹೊತ್ತಿದೆ. ಅದರ ಸೊಬಗಿಗೆ ವೆಸ್ಲಿ ಮಾರುಹೋದ. ಆದರೆ ಇಷ್ಟು ನಯವಾದ ಜಾಗದೊಳಗೆ ಹಳೆಯ ಒರಟು ಸುವಾರ್ತೆ ಕಾಲಿಡುವುದು ಹೇಗೆ ಎಂಬ ಕೊಂಕನ್ನೂ ದಿನಚರಿಯಲ್ಲಿ ಬರೆದಿಟ್ಟ. ಮುಂದಿನ ಎರಡು ದಶಕ ಮೆಥಡಿಸ್ಟರು ಸಾಧ್ಯವಾದಲ್ಲೆಲ್ಲ ಅಷ್ಟಕೋನವನ್ನೇ ಕಟ್ಟಿದರು. ಉತ್ತರ ಇಂಗ್ಲೆಂಡಿನ ಯಾರ್ಮ್ ಮತ್ತು ಹೆಪ್ಟನ್‌ಸ್ಟಾಲ್ ಚಾಪೆಲ್‌ಗಳು ಇಂದಿಗೂ ಉಳಿದಿವೆ. ಎಂಟು ಮೂಲೆಯ ಕೋಣೆಯಲ್ಲಿ ಯಾರೂ ಬೋಧಕನಿಂದ ಬಹಳ ದೂರವಾಗುವುದಿಲ್ಲ. ವಾರ್ಷಿಕ ಸಮ್ಮೇಳನದ ನಡಾವಳಿಗಳಲ್ಲಿ ಇನ್ನೂ ವಿವರವಾದ ಸೂಚನೆಗಳಿವೆ: ಛಾವಣಿಯ ಎತ್ತರ ಅಗಲದ ಮೂರನೆಯ ಒಂದು ಪಾಲು ಮಾತ್ರ, ಕಿಟಕಿಗಳು ಕೆಳಕ್ಕೆ ಸರಿಯಬೇಕು, ಆಸನಗಳಿಗೆ ಒರಗು ಬೇಡ, ಗಂಡಸರು ಹೆಂಗಸರ ನಡುವೆ ಉದ್ದಕ್ಕೂ ಅಡ್ಡಕಟ್ಟೆ ಇರಬೇಕು. ಖರ್ಚು ತಪ್ಪಿಸಲಾಗದಷ್ಟೇ ಇರಬೇಕೆಂಬುದಕ್ಕೆ ಕೊಟ್ಟ ಕಾರಣ ಎಲ್ಲಕ್ಕಿಂತ ತೀಕ್ಷ್ಣವಾದದ್ದು. ಆಡಂಬರದ ಕಟ್ಟಡಕ್ಕೆ ಶ್ರೀಮಂತರ ಹಣ ಬೇಕಾಗುತ್ತದೆ, ಹಣ ಕೊಟ್ಟವರ ಮಾತು ಕೇಳಬೇಕಾಗುತ್ತದೆ, ಅಲ್ಲಿಗೆ ಮೆಥಡಿಸ್ಟ್ ಶಿಸ್ತು ಮುಗಿದಂತೆ ಎಂದು ವೆಸ್ಲಿಯ ಲೆಕ್ಕ. ಚಾಪೆಲ್ ವಾಸ್ತುವಿನ ಬಗ್ಗೆ ಬಂದ ನೂರಾರು ಪುಟಗಳಲ್ಲಿ ಇಷ್ಟು ನೇರವಾಗಿ ಹಣದ ವಿಷಯ ಹೇಳಿದವರು ಕಡಿಮೆ.

ಸಿಟಿ ರೋಡಿನ ಕಟ್ಟಡ ಈ ಸೂಚನೆಗಳಲ್ಲಿ ಹಲವನ್ನು ಪಾಲಿಸಲಿಲ್ಲ. ಫೌಂಡರಿಯ ಗುತ್ತಿಗೆ ಮುಗಿಯುತ್ತ ಬಂದಾಗ ಅದಕ್ಕೆ ಇನ್ನೂರು ಗಜ ದೂರದಲ್ಲಿ ಹೊಸ ನಿವೇಶನ ದೊರೆಯಿತು. 1776ರ ಆಗಸ್ಟ್‌ನಲ್ಲಿ ಚಂದಾ ಎತ್ತತೊಡಗಿ, ಮೊದಲ ಮೂರು ಕೂಟಗಳಲ್ಲೇ ಸಾವಿರ ಪೌಂಡಿಗೆ ಮೀರಿ ವಾಗ್ದಾನ ಬಂತು. 1777ರ ಏಪ್ರಿಲ್ 21ರಂದು ವೆಸ್ಲಿ ಅಸ್ತಿಭಾರದ ಕಲ್ಲಿಟ್ಟ. ಅಂದು ಜೋರು ಮಳೆ. ಅದರಿಂದ ಸಾವಿರಾರು ಜನ ಬಾರದೆ ಉಳಿದದ್ದು ಒಳ್ಳೆಯದೇ ಆಯಿತೆಂದು ಆತ ಬರೆದುಕೊಂಡ, ಬಂದವರೇ ತುಳಿದಾಟಕ್ಕೆ ಸಾಕಾಗುವಷ್ಟಿದ್ದರು. ವಿನ್ಯಾಸ ನಗರದ ಸರ್ವೇಯರ್ ಆಗಿದ್ದ ಜಾರ್ಜ್ ಡ್ಯಾನ್ಸ್ ಕಿರಿಯನದೆಂದು ಹೇಳುತ್ತ ಬಂದಿದ್ದಾರೆ. ನ್ಯೂಗೇಟ್ ಸೆರೆಮನೆಯ ಕಠೋರ ಕಲ್ಲುಗೋಡೆಗಳನ್ನು ರೂಪಿಸಿದವನೂ ಅವನೇ. ಕಟ್ಟಿದವನು ವೆಸ್ಲಿಯ ಅನುಯಾಯಿಯೇ ಆದ ಗುತ್ತಿಗೆದಾರ ಸ್ಯಾಮ್ಯುಯೆಲ್ ಟೂತ್. ಕೆಲಸ ಮುಗಿದಾಗ ವೆಸ್ಲಿಗೆ 75 ವರ್ಷ.

ಆಕಾರ ಅಷ್ಟಕೋನವಲ್ಲ, ಆಯತ. ಮುಂಭಾಗ ಕಂದು ಇಟ್ಟಿಗೆಯದು, ಸಮಪ್ರಮಾಣದ್ದು: ಎರಡು ಸಾಲು ಕಿಟಕಿ, ಮೇಲಿನವು ಕಮಾನು ತಲೆಯವು, ಮಧ್ಯಭಾಗದ ಮೇಲೆ ತ್ರಿಕೋನದ ಮುಖಪಟ್ಟಿ. ಒಳಗೆ ಮೂರು ಕಡೆ ಗ್ಯಾಲರಿ, ಮೇಲೆ ಆ ಕಾಲಕ್ಕೆ ಹೊಸ ಫ್ಯಾಷನ್ ಆಗಿದ್ದ ಆ್ಯಡಮ್ ಶೈಲಿಯ ಗಾರೆ ಛಾವಣಿ, ತೆಳುವಾದ ಹೂಬಳ್ಳಿಯ ಉಬ್ಬುಗೆಲಸ. ಪೂರ್ವದ ಗೋಡೆ ಅರ್ಧವರ್ತುಲವಾಗಿ ಹಿಂದಕ್ಕೆ ಬಾಗಿ ಒಂದು ಗೂಡಾಗುತ್ತದೆ. ಪ್ರಭುಭೋಜನದ ಮೇಜು ಅಲ್ಲಿದೆ. ಅದರ ಮುಂದೆ, ಸಭಾಂಗಣದ ನಡುರೇಖೆಯ ಮೇಲೆ, ಮೂರು ಅಂತಸ್ತಿನ ಉಪದೇಶಪೀಠ ನಿಂತಿತ್ತು. ಮೇಲಿನ ಅಂತಸ್ತು ನೆಲದಿಂದ ಸುಮಾರು 15 ಅಡಿ ಎತ್ತರ; ಗ್ಯಾಲರಿಯ ಕೊನೆಯ ಸಾಲಿನವನ ಮುಖವೂ ಬೋಧಕನಿಗೆ ಕಾಣುತ್ತಿತ್ತು. ಕೆಳಗಿನ ಎರಡು ಅಂತಸ್ತು ಪ್ರಾರ್ಥನೆ ನಡೆಸುವವರಿಗೆ, ಪಾಠ ಓದುವವರಿಗೆ. ಈ ಜೋಡಣೆಯಲ್ಲಿ ವೆಸ್ಲಿಯ ನಿಲುವು ನಕ್ಷೆ ಬರೆದಂತೆ ಸ್ಪಷ್ಟ. ಬರೀ ಉಪದೇಶದ ಮನೆಯಾಗಿದ್ದರೆ ಮೇಜಿಗೆ ಪ್ರತ್ಯೇಕ ಗೂಡು ಬೇಕಿರಲಿಲ್ಲ. ರಾಜಸಭೆಯ ಚರ್ಚಾಗಿದ್ದರೆ ಪೀಠ ಆ ಮೇಜನ್ನು ಹೀಗೆ ಮರೆಮಾಡುತ್ತಿರಲಿಲ್ಲ. ಭಾನುವಾರದ ಬೆಳಗ್ಗೆ ಇಲ್ಲಿ ರಾಜಸಭೆಯ ಪ್ರಾರ್ಥನಾ ಪುಸ್ತಕವನ್ನೇ ಓದುತ್ತಿದ್ದರು. ಆರಂಭದ ವರ್ಷಗಳಲ್ಲಿ ಆ ಹೊತ್ತಿನ ಪೀಠ ದೀಕ್ಷೆ ಪಡೆದ ಪಾದ್ರಿಗಳಿಗೇ ಮೀಸಲಾಗಬೇಕೆಂದು ತಮ್ಮ ಚಾರ್ಲ್ಸ್ ವೆಸ್ಲಿ ಹಟ ಹಿಡಿದದ್ದು, ದೇಶ ಸುತ್ತಿ ಸಭೆಗಳನ್ನು ಬೆಳೆಸಿದ ಸಾಮಾನ್ಯ ಬೋಧಕರಿಗೆ ನುಂಗಲಾರದ ತುತ್ತಾಯಿತು.

ಗ್ಯಾಲರಿಯ ಮುಂಪಟ್ಟಿಯನ್ನು ಹತ್ತಿರದಿಂದ ನೋಡಬೇಕು. ಅದರುದ್ದಕ್ಕೂ ಒಂದೇ ಚಿಹ್ನೆ ಮತ್ತೆ ಮತ್ತೆ ಬರುತ್ತದೆ: ಸುರುಳಿಯಾಗಿ ಬಾಗಿದ ಸರ್ಪ, ಅದರ ವರ್ತುಲದೊಳಗೆ ಪಾರಿವಾಳ. ಸರ್ಪದ ಜಾಣತನ, ಪಾರಿವಾಳದ ನಿಷ್ಕಪಟತೆ ಎರಡೂ ಇರಲೆಂದು ಮತ್ತಾಯನ ಸುವಾರ್ತೆಯಲ್ಲಿ ಯೇಸು ಶಿಷ್ಯರಿಗೆ ಹೇಳುವ ಮಾತು ಅದರ ಮೂಲ. ಚಿಹ್ನೆ ವೆಸ್ಲಿಯ ಸ್ವಂತ ಕಲ್ಪನೆಯೆಂದು ನಂಬಿಕೆ. ಗ್ಯಾಲರಿಯನ್ನು ಹೊತ್ತ ಮೊದಲ ಕಂಬಗಳು ಕಲ್ಲಿನವಲ್ಲ, ಹಡಗಿನ ಪಟಸ್ತಂಭದ ಮರಗಳು. ಡೆಪ್ಟ್‌ಫರ್ಡ್‌ನ ರಾಜ ಹಡಗುಕಟ್ಟೆಯಿಂದ ಮೂರನೆಯ ಜಾರ್ಜ್ ಅರಸು ಅವನ್ನು ಕೊಡಿಸಿದನೆಂದು ಪ್ರತೀತಿ.

ಆಸನದ ವಿಷಯ ವೆಸ್ಲಿಯ ಕೊನೆಗಾಲದವರೆಗೂ ಎಳೆಯಿತು. ಗಂಡಸರು ಹೆಂಗಸರು ಬೇರೆ ಬೇರೆ ಕೂರಬೇಕು, ಯಾರಿಗೂ ಸ್ವಂತ ಆಸನವೆಂಬುದಿಲ್ಲ ಎಂಬ ನಿಯಮ ಇಲ್ಲೂ ಇತ್ತು. ಲಂಡನ್ನಿನ ಅನುಯಾಯಿಗಳು ಈ ಹೊತ್ತಿಗೆ ಅಂಗಡಿ, ಮನೆ, ಮಾನಮರ್ಯಾದೆ ಉಳ್ಳವರಾಗಿದ್ದರು. ಕುಟುಂಬ ಒಟ್ಟಿಗೆ ಕೂರಲಿ ಎಂದು 1787ರ ಕೊನೆಯಲ್ಲಿ ಆಡಳಿತದವರು ಠರಾವು ಮಾಡಿದಾಗ, ಐವತ್ತು ವರ್ಷ ಕಟ್ಟಿದ ಶಿಸ್ತನ್ನು ಒಂದೇ ಏಟಿಗೆ ಕೆಡವುತ್ತಿದ್ದಾರೆಂದು ಮುದುಕ ಸಿಡಿದ. ಅವರು ಹಿಂದೆಗೆದರು. ಆತ ಹೋದ ಮೇಲೆ ನಿಯಮವೂ ಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಗಿಲಿರುವ ಮರದ ಪೆಟ್ಟಿಗೆ ಆಸನಗಳೂ ಬಂದವು.

ಅದೇ 1787ರ ನವೆಂಬರ್‌ನಲ್ಲಿ ವಕೀಲರ ಸಲಹೆಯ ಮೇರೆಗೆ ವೆಸ್ಲಿ ತನ್ನ ಎಲ್ಲ ಚಾಪೆಲ್‌ಗಳಿಗೂ ಬೋಧಕರಿಗೂ ಸಹಿಷ್ಣುತಾ ಕಾಯ್ದೆಯ ಪ್ರಕಾರ ಪರವಾನಗಿ ಪಡೆಯಲು ತೀರ್ಮಾನಿಸಿದ. ಆದರೆ ಭಿನ್ನಮತೀಯರೆಂದಲ್ಲ, ಕೇವಲ ಸುವಾರ್ತೆಯ ಬೋಧಕರೆಂದು. ಕಾಯ್ದೆಯಿದ್ದುದೇ ಭಿನ್ನಮತೀಯರಿಗಾಗಿ. 1784ರಲ್ಲಿ ಅಮೆರಿಕಕ್ಕೆಂದು ತಾನೇ ಇಬ್ಬರಿಗೆ ದೀಕ್ಷೆ ಕೊಟ್ಟದ್ದೂ ಇದೇ ಜಾಡಿನದು: ಬಿಷಪ್ ಮಾತ್ರ ಮಾಡಬೇಕಾದ ಕೆಲಸವನ್ನು ಮಾಡಿಯೂ ಸಭೆಯನ್ನು ಬಿಟ್ಟಿಲ್ಲವೆಂದು ವಾದಿಸಿದ. ಚಾರ್ಲ್ಸನಿಗೆ ಈ ವಾದ ಒಪ್ಪಿಗೆಯಾಗಲಿಲ್ಲ. ಸಾವಿರಾರು ಸ್ತೋತ್ರಗೀತೆ ಬರೆದು ಮೆಥಡಿಸ್ಟರ ಬಾಯಿಗೆ ಹಾಡು ಕೊಟ್ಟ ಆ ಕವಿ 1788ರಲ್ಲಿ ತೀರಿಕೊಂಡಾಗ, ಸಿಟಿ ರೋಡಿನ ನೆಲವನ್ನು ಬಿಷಪ್ ಪ್ರತಿಷ್ಠಾಪಿಸಿಲ್ಲವೆಂಬ ಕಾರಣಕ್ಕೆ ಅವನ ಇಚ್ಛೆಯಂತೆ ಮ್ಯಾರಿಲಬೋನ್ ಪ್ಯಾರಿಷ್ ಚರ್ಚಿನಂಗಳದಲ್ಲಿ ಹೂಳಿದರು. ಅಣ್ಣನಿಗೆ ಅದು ನೋವಾಯಿತು.

ಚಾಪೆಲ್‌ನ ಬಲಕ್ಕೆ ಅಂಗಳದ ಅಂಚಿನಲ್ಲಿರುವ ಇಟ್ಟಿಗೆ ಮನೆಗೆ ವೆಸ್ಲಿ 1779ರ ಅಕ್ಟೋಬರ್‌ನಲ್ಲಿ ಬಂದ. ವರ್ಷದ ಹೆಚ್ಚು ಭಾಗ ಕುದುರೆ ಅಥವಾ ಗಾಡಿಯ ಮೇಲೆ ಕಳೆಯುತ್ತಿದ್ದವನಿಗೆ ಅದು ಚಳಿಗಾಲದ ಬಿಡಾರ. ಮಲಗುವ ಕೋಣೆಗೆ ಹೊಂದಿಕೊಂಡು ಪುಟ್ಟ ಪ್ರಾರ್ಥನಾಕೋಣೆ ಇದೆ. ಬಡ ರೋಗಿಗಳಿಗೆ ವಿದ್ಯುತ್ತಿನ ಆಘಾತ ಕೊಟ್ಟು ಚಿಕಿತ್ಸೆ ಮಾಡುತ್ತಿದ್ದ ಹಿಡಿಕೆ ತಿರುಗಿಸುವ ಯಂತ್ರವನ್ನೂ ಮನೆಯಲ್ಲಿ ಉಳಿಸಿದ್ದಾರೆ. 1791ರ ಮಾರ್ಚ್ 2ರಂದು ಆತ ಇಲ್ಲಿ ತೀರಿಕೊಂಡ. ಶವಗಾಡಿ ಬೇಡ, ಮೆರವಣಿಗೆ ಬೇಡ, ಆರು ಮಂದಿ ಬಡವರು ಹೊರಲಿ, ಒಬ್ಬೊಬ್ಬರಿಗೆ 20 ಶಿಲಿಂಗ್ ಕೊಡಿ ಎಂದು ಉಯಿಲಿನಲ್ಲಿತ್ತು. ಜನಜಂಗುಳಿಗೆ ಹೆದರಿ ಮಾರ್ಚ್ 9ರ ನಸುಕಿನಲ್ಲೇ ಚಾಪೆಲ್ ಹಿಂದಿನ ಅಂಗಳದಲ್ಲಿ ಹೂಳಿದರು. ಸೂತಕಕ್ಕೆಂದು ಒಳಗೆ ತೂಗುಹಾಕಿದ್ದ ಕಪ್ಪು ಬಟ್ಟೆಯನ್ನು ಆಮೇಲೆ ಬಡ ಹೆಂಗಸರಿಗೆ ಉಡುಪಿಗೆಂದು ಹಂಚಿದರು.

ರಸ್ತೆಯಾಚೆ ಬನ್‌ಹಿಲ್ ಫೀಲ್ಡ್ಸ್ ಇದೆ, ಭಿನ್ನಮತೀಯರ ಹಳೆಯ ಸ್ಮಶಾನ. ಜಾನ್ ಬನ್ಯನ್, ಡೇನಿಯಲ್ ಡಿಫೋ, ಸ್ತೋತ್ರಕಾರ ಐಸಾಕ್ ವಾಟ್ಸ್, ವಿಲಿಯಂ ಬ್ಲೇಕ್ ಅಲ್ಲಿದ್ದಾರೆ. ಪಾದ್ರಿಯ ಹೆಂಡತಿಯಾಗಿ ಬಾಳಿದ ಸುಸಾನಾ ವೆಸ್ಲಿಯೂ ಅಲ್ಲೇ. ತಾಯಿ ರಸ್ತೆಯ ಆ ಬದಿ, ಮಗ ಈ ಬದಿ, ಇನ್ನೊಬ್ಬ ಮಗ ಮೂರು ಮೈಲಿಯಾಚೆಯ ಪ್ರತಿಷ್ಠಾಪಿತ ನೆಲದಲ್ಲಿ.

ವೆಸ್ಲಿ ಸತ್ತ ನಾಲ್ಕು ವರ್ಷಕ್ಕೆ, 1795ರಲ್ಲಿ, ಸ್ಥಳೀಯರ ಬಹುಮತವಿದ್ದಲ್ಲಿ ಚಾಪೆಲ್‌ನಲ್ಲೇ ಪ್ರಭುಭೋಜನ ನಡೆಸಬಹುದೆಂದು ಸಮ್ಮೇಳನ ಒಪ್ಪಿತು. ಬೇರ್ಪಡೆ ವಾಸ್ತವವಾಗಿ ಅಲ್ಲಿಗೆ ಪೂರ್ಣವಾಯಿತು. ಆದರೂ ಕಾನೂನಿನ ಕಟ್ಟು ಉಳಿದಿತ್ತು. 1753ರ ವಿವಾಹ ಕಾಯ್ದೆಯಂತೆ ಕ್ವೇಕರರು ಮತ್ತು ಯಹೂದ್ಯರನ್ನು ಬಿಟ್ಟು ಎಲ್ಲರೂ ರಾಜಸಭೆಯ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. 1836ರ ಕಾಯ್ದೆ ಆ ಬಾಗಿಲು ತೆರೆಯಿತು. 1951ರ ಡಿಸೆಂಬರ್‌ನಲ್ಲಿ, ಮೆಥಡಿಸ್ಟ್ ಮನೆಯಲ್ಲಿ ಬೆಳೆದ ಮಾರ್ಗರೆಟ್ ರಾಬರ್ಟ್ಸ್ ಎಂಬ ಯುವತಿ ಡೆನಿಸ್ ಥ್ಯಾಚರ್ ಅವರನ್ನು ಮದುವೆಯಾದದ್ದು ಇಲ್ಲಿ.

ಹತ್ತೊಂಬತ್ತನೆಯ ಶತಮಾನ ಕಟ್ಟಡವನ್ನು ಸಿಂಗರಿಸಿತು. ಮೊದಲ ದಶಕಗಳಲ್ಲಿ ಬಾಗಿಲ ಮುಂದೆ ಕಂಬದ ಮೊಗಸಾಲೆ ಬಂತು. 1879ರ ಡಿಸೆಂಬರ್‌ನಲ್ಲಿ ಬೆಂಕಿ ಬಿದ್ದು ಪಕ್ಕದ ಬೆಳಗಿನ ಪ್ರಾರ್ಥನಾಕೋಣೆ ಸುಟ್ಟಿತು, ಛಾವಣಿ ಹಾಳಾಯಿತು. ಹಳೆಯದರ ಪಡಿಯಚ್ಚಿನಂತೆ ಹೊಸದನ್ನು ಮಾಡಿದರು. ದೊಡ್ಡ ಬದಲಾವಣೆ ಆದದ್ದು ವೆಸ್ಲಿಯ ಶತಮಾನ ಪುಣ್ಯತಿಥಿಯ 1891ರಲ್ಲಿ. ಹಡಗಿನ ಮರದ ಕಂಬಗಳನ್ನು ತೆಗೆದು, ಸಮುದ್ರದಾಚೆಯ ಮೆಥಡಿಸ್ಟ್ ಸಭೆಗಳು ಕೊಟ್ಟ ಜಾಸ್ಪರ್ ಶಿಲೆಯ ಕಂಬಗಳನ್ನು ನಿಲ್ಲಿಸಿದರು. ಹಳೆಯವುಗಳಲ್ಲಿ ಕೆಲವು ಮೊಗಸಾಲೆಯ ಒಳಭಾಗದಲ್ಲಿ ಉಳಿದಿವೆ. ಉಪದೇಶಪೀಠದ ಅಂತಸ್ತು ಕಡಿಮೆಯಾಯಿತು, ಬಣ್ಣದ ಗಾಜು ಬಂತು, ಅಂಗಳದಲ್ಲಿ ಜಾನ್ ಆ್ಯಡಮ್ಸ್-ಆ್ಯಕ್ಟನ್ ಕಡೆದ ವೆಸ್ಲಿಯ ಪ್ರತಿಮೆ ನಿಂತಿತು. ಶ್ರೀಮಂತರ ಹಣದ ಬಗ್ಗೆ ಆತ ಹೇಳಿದ್ದನ್ನು ನೆನೆದರೆ ಈ ಗೌರವ ಆತನಿಗೆ ಹಿತವಾಗುತ್ತಿತ್ತೆಂದು ಹೇಳುವುದು ಕಷ್ಟ. ಆ ಕಾಲದ ಇನ್ನೊಂದು ಕೊಡುಗೆ ಗಂಡಸರ ಶೌಚಾಲಯ: ಥಾಮಸ್ ಕ್ರ್ಯಾಪರ್ ಕಂಪನಿಯ ತೊಟ್ಟಿ, ಅಮೃತಶಿಲೆ, ಮರದ ಬಾಗಿಲುಗಳ ಸಮೇತ ಇಂದಿಗೂ ಇದ್ದು, ಅದನ್ನೇ ನೋಡಲು ಬರುವವರೂ ಇದ್ದಾರೆ.

ಇಷ್ಟರಲ್ಲಿ ಹೊಸ ಚಾಪೆಲ್‌ಗಳ ರೂಪವೇ ಬದಲಾಗಿತ್ತು. 1850ರಲ್ಲಿ ಮೆಥಡಿಸ್ಟ್ ಪಾದ್ರಿ ಫ್ರೆಡರಿಕ್ ಜಾಬ್ಸನ್ ಚಾಪೆಲ್ ಮತ್ತು ಶಾಲೆಗಳ ವಾಸ್ತು ಕುರಿತ ಪುಸ್ತಕ ಬರೆದು, ದೇವರ ಮನೆ ಸಂಗೀತಸಭೆಯಂತೆ ಕಾಣಬಾರದು, ಗಾಥಿಕ್ ಶೈಲಿಯೇ ಸರಿಯೆಂದು ವಾದಿಸಿದ. ಚೂಪುಕಮಾನು, ಗೋಪುರ, ಬಣ್ಣದ ಗಾಜು ಯಾವುದನ್ನು ಹಿರಿಯರು ಬಿಟ್ಟಿದ್ದರೋ ಅದೆಲ್ಲ ಮರಳಿತು. ವೇಲ್ಸ್‌ನಲ್ಲಿ ಮಾತ್ರ ಗ್ರೀಕ್-ರೋಮನ್ ಮುಖವಾಡದ ಭಾರಿ ಚಾಪೆಲ್‌ಗಳು ಮುಂದುವರಿದವು. 1872ರ ಮಾರಿಸ್ಟನ್ ಟ್ಯಾಬರ್ನ್ಯಾಕಲ್ ಅವುಗಳಲ್ಲಿ ಪ್ರಸಿದ್ಧ.

ಈ ಎರಡೂ ಧಾರೆ ಕನ್ನಡ ನಾಡಿಗೂ ಹರಿದವು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲಿನ ಕನ್ನಡ ಅನುವಾದಕ್ಕೆ ಕೈಹಾಕಿದ. ಆ ಸಂಸ್ಥೆಯ ಬೆನ್ನೆಲುಬು ಕಾಂಗ್ರಿಗೇಷನಲ್ ಪಂಥದವರು, 1662ರಲ್ಲಿ ಹೊರದೂಡಲ್ಪಟ್ಟವರ ವಾರಸುದಾರರು. ವೆಸ್ಲಿಯನ್ ಮಿಷನ್ 1821ರ ಹೊತ್ತಿಗೆ ಬೆಂಗಳೂರಿಗೆ ಕಾಲಿಟ್ಟಿತು. ಗುಬ್ಬಿಯಲ್ಲಿ ಕೆಲಸ ಮಾಡಿದ ವಿಲಿಯಂ ಆರ್ಥರ್ 1847ರಲ್ಲಿ ಮೈಸೂರು ಸೀಮೆಯ ಅನುಭವಗಳ ಪುಸ್ತಕ ಪ್ರಕಟಿಸಿದ. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು, ಶಾಸನತಜ್ಞ ಬಿ. ಎಲ್. ರೈಸ್ ಅವರ ತಂದೆ, ಲಂಡನ್ ಮಿಷನರಿ ಸೊಸೈಟಿಯ ಬೆಂಜಮಿನ್ ರೈಸ್ ಹೆಸರಿನದು. ಬೀದಿಗೆ ಮುಖಮಾಡಿದ ಅದರ ಕಂಬದ ಮೊಗಸಾಲೆ ಹಳೆಯ ಕ್ಲಾಸಿಕಲ್ ಚಾಪೆಲ್ ಮಾದರಿಗೆ ಹತ್ತಿರ. ಅಲ್ಲಿಂದ ಬಹು ದೂರವಿಲ್ಲದ 1904ರ ಹಡ್ಸನ್ ಸ್ಮಾರಕ ಚರ್ಚು ವೆಸ್ಲಿಯನ್ನರದು. ಕಲ್ಲಿನ ಗಾಥಿಕ್, ಜಾಬ್ಸನ್ ಕೇಳಿದ ಬಗೆಯದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಆಂಗ್ಲಿಕನ್ನರು, ಮೆಥಡಿಸ್ಟರು, ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಮೂಲದವರು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಆದಾಗ ಈ ಎರಡು ಕಟ್ಟಡಗಳೂ ಒಂದೇ ಸಭೆಗೆ ಸೇರಿದವು. ಇಂಗ್ಲೆಂಡಿನಲ್ಲಿ ಆಂಗ್ಲಿಕನ್–ಮೆಥಡಿಸ್ಟ್ ಐಕ್ಯದ ಯೋಜನೆ 1969ರಲ್ಲೂ 1972ರಲ್ಲೂ ಆಂಗ್ಲಿಕನ್ನರ ಕಡೆಯಿಂದ ಸಾಕಷ್ಟು ಮತ ದೊರೆಯದೆ ಬಿದ್ದುಹೋಯಿತು.

ಆ ಯೋಜನೆ ಬಿದ್ದ ವರ್ಷಗಳಲ್ಲೇ ಸಿಟಿ ರೋಡಿನ ಕಟ್ಟಡವೂ ಶಿಥಿಲಗೊಂಡು ಬಳಸಲು ಅಪಾಯಕಾರಿ ಎನ್ನಿಸಿತ್ತು. ದೇಶವಿದೇಶದ ಮೆಥಡಿಸ್ಟರ ಹಣದಿಂದ ಛಾವಣಿ, ಗೋಡೆ ಭದ್ರಗೊಳಿಸಿ, ಸರಿಯಾಗಿ ಇನ್ನೂರು ವರ್ಷಕ್ಕೆ, 1978ರ ನವೆಂಬರ್ 1ರಂದು, ಎರಡನೆಯ ಎಲಿಜಬೆತ್ ರಾಣಿಯ ಸಮ್ಮುಖದಲ್ಲಿ ಮತ್ತೆ ತೆರೆದರು. ಈಗ ಅದು ಮೊದಲ ದರ್ಜೆಯ ಸಂರಕ್ಷಿತ ಕಟ್ಟಡ. ನೆಲಮಾಳಿಗೆಯಲ್ಲಿ ಮೆಥಡಿಸ್ಟ್ ಸಂಗ್ರಹಾಲಯವಿದೆ. ಪಕ್ಕದ ಚಿಕ್ಕ ಪ್ರಾರ್ಥನಾಕೋಣೆಯಲ್ಲಿ ಹಳೆಯ ಫೌಂಡರಿಯಿಂದ ತಂದ ಬೆಂಚುಗಳೂ ಚಾರ್ಲ್ಸ್ ವೆಸ್ಲಿಯ ಮನೆಯ ಆರ್ಗನ್ನೂ ಇವೆ. ಅಲ್ಲಿ ಮತ್ತು ದೊಡ್ಡ ಸಭಾಂಗಣದಲ್ಲಿ ಆರಾಧನೆ ನಡೆದುಕೊಂಡು ಬಂದಿದೆ.